ಸೈನಿಕನ ಮಾತಿಗೆ ಸೈನಿಕನ ಕಿವಿ

ಭಾರತೀಯ ಸೇನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ವೈದ್ಯಕೀಯ ದರ್ಜೆ ಇರುತ್ತದೆ. ಐದು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಅದನ್ನು ‘ಶೇಪ್’ ಎಂದು ಕರೆಯುತ್ತಾರೆ. ಕಿವಿಗೊಂದು ಅಕ್ಷರ, ಕೈಕಾಲಿಗೊಂದು, ದೇಹಬಲಕ್ಕೊಂದು, ಕಣ್ಣಿಗೊಂದು. ಎಲ್ಲಕ್ಕೂ ಮೊದಲು ನಿಲ್ಲುವ ‘ಎಸ್’ ಮನಸ್ಸಿಗೆ ಸಂಬಂಧಿಸಿದ್ದು. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕಿ ಕೊಡುತ್ತಾರೆ. ಐದರಲ್ಲೂ 1 ಬಂದವನು ‘ಶೇಪ್ ಒನ್’, ಅಂದರೆ ಪೂರ್ತಿ ಸಮರ್ಥ. ಅಂಕಿ ಏರಿದಂತೆ ದರ್ಜೆ ಇಳಿಯುತ್ತದೆ. ಇಳಿದವನು ‘ಲೋ ಮೆಡಿಕಲ್ ಕೆಟಗರಿ’ಗೆ ಸೇರುತ್ತಾನೆ, ಬಡ್ತಿ, ಕೋರ್ಸು, ಪೋಸ್ಟಿಂಗು, ಸೇವಾವಧಿಯ ವಿಸ್ತರಣೆ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ಮಂಡಿನೋವಿನಿಂದ ದರ್ಜೆ ಇಳಿದರೆ ಪಲ್ಟನ್ನಿನಲ್ಲಿ ಯಾರೂ ಅವನನ್ನು ಬೇರೆ ಕಣ್ಣಿನಿಂದ ನೋಡುವುದಿಲ್ಲ. ‘ಎಸ್’ನಲ್ಲಿ ಇಳಿದರೆ ಹಾಗಲ್ಲ. ಅವನ ಕೈಗೆ ರೈಫಲ್ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಏಳುತ್ತದೆ, ಬ್ಯಾರಕ್ಕಿನಲ್ಲಿ ಪಿಸುಮಾತು ಶುರುವಾಗುತ್ತದೆ, ಸುದ್ದಿ ಊರಿಗೂ ಮುಟ್ಟುತ್ತದೆ. ನಿದ್ದೆ ಬಾರದ, ಸಣ್ಣ ಸದ್ದಿಗೂ ಬೆಚ್ಚಿಬೀಳುವ, ಬದುಕೇ ಬೇಡವೆನಿಸಿದ ಹವಾಲ್ದಾರನೊಬ್ಬ ವೈದ್ಯಾಧಿಕಾರಿಯ ಕೋಣೆಗೆ ಹೋಗುವ ಮುನ್ನ ಇಷ್ಟನ್ನೂ ಲೆಕ್ಕ ಹಾಕುತ್ತಾನೆ. ಲೆಕ್ಕ ಹಾಕಿದ ಮೇಲೆ ಹಲವರು ಹೋಗುವುದೇ ಇಲ್ಲ.

ಈ ಹಿಂಜರಿಕೆ ಎಲ್ಲ ದೇಶಗಳ ಸೇನೆಗಳಲ್ಲೂ ಇದೆ. ಇರಾಕ್ ಮತ್ತು ಅಫ್ಗಾನಿಸ್ತಾನದ ಯುದ್ಧಗಳಿಗೆ ಹೋಗುವ ಮುನ್ನ ಅಥವಾ ಹೋಗಿ ಬಂದ ಮೇಲೆ ಅಮೆರಿಕದ ಕಾಲಾಳು ಪಡೆಗಳ ಆರು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಪ್ರಶ್ನಿಸಿದ ಅಧ್ಯಯನವೊಂದು 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಮನೋವೈದ್ಯ ಚಾರ್ಲ್ಸ್ ಹೋಗ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಅಧ್ಯಯನವದು. ಮಾನಸಿಕ ತೊಂದರೆಯ ಲಕ್ಷಣ ಸ್ಪಷ್ಟವಾಗಿ ಇದ್ದವರಲ್ಲಿ ನೆರವು ಕೇಳಿದವರು ಶೇ 23ರಿಂದ 40ರಷ್ಟು ಮಾತ್ರ. ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವಂಥದ್ದು. ‘ನನ್ನನ್ನು ದುರ್ಬಲ ಅಂದುಕೊಳ್ಳುತ್ತಾರೆ’, ‘ಮೇಲಧಿಕಾರಿ ನನ್ನನ್ನು ಬೇರೆ ರೀತಿ ನಡೆಸಿಕೊಳ್ಳುತ್ತಾರೆ’ ಎಂಬ ಅಳುಕು, ತೊಂದರೆ ಇಲ್ಲದವರಿಗಿಂತ ತೊಂದರೆ ಇದ್ದವರಲ್ಲೇ ಎರಡರಷ್ಟು ಹೆಚ್ಚಿತ್ತು. ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರೇ ಅದರಿಂದ ಹೆಚ್ಚು ದೂರ ನಿಲ್ಲುತ್ತಾರೆ ಎಂದಾಯಿತು. ಮನೋವೈದ್ಯರ ಸಂಖ್ಯೆ ಹೆಚ್ಚಿಸುವುದು, ಆಸ್ಪತ್ರೆ ಕಟ್ಟುವುದು, ಸಹಾಯವಾಣಿ ತೆರೆಯುವುದು ಎಲ್ಲವೂ ಬೇಕು. ಆದರೆ ಅವೆಲ್ಲವೂ ಸೈನಿಕ ಬಾಯಿಬಿಟ್ಟ ನಂತರದ ಕೆಲಸಗಳು. ಬಾಯಿ ಬಿಡಿಸುವ ಕೆಲಸವನ್ನು ಅದೇ ಸಮವಸ್ತ್ರ ತೊಟ್ಟ, ಅದೇ ರಾತ್ರಿಗಳನ್ನು ಕಂಡ ಇನ್ನೊಬ್ಬ ಸೈನಿಕನೇ ಮಾಡಬಲ್ಲ. ಆ ಇನ್ನೊಬ್ಬನನ್ನು ಫೋನಿನ ಮೂಲಕ, ಅಂತರ್ಜಾಲದ ಮೂಲಕ, ಹೆಸರು ಹೇಳದೆಯೂ ತಲುಪುವ ದಾರಿ ಇಂದು ಸಾಧ್ಯವಿದೆ. ನಮ್ಮಲ್ಲಿ ಆ ದಾರಿಯನ್ನು ಯಾರೂ ಪೂರ್ತಿಯಾಗಿ ಕಟ್ಟಿಕೊಟ್ಟಿಲ್ಲ. ಕಟ್ಟಲೇಬೇಕು ಎಂಬುದು ನನ್ನ ವಾದ.

ಸಂಖ್ಯೆಗಳನ್ನು ಒಮ್ಮೆ ನೋಡೋಣ. 2022ರ ಜುಲೈನಲ್ಲಿ ರಾಜ್ಯಸಭೆಗೆ ಸರ್ಕಾರ ಕೊಟ್ಟ ಉತ್ತರದ ಪ್ರಕಾರ, ಹಿಂದಿನ ಐದು ವರ್ಷಗಳಲ್ಲಿ ಭೂಸೇನೆಯ 642, ವಾಯುಪಡೆಯ 148, ನೌಕಾಪಡೆಯ 29, ಒಟ್ಟು 819 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮುಂತಾದ ಕೇಂದ್ರ ಪಡೆಗಳ ಲೆಕ್ಕ ಬೇರೆ: 2018ರಿಂದ 2022ರವರೆಗೆ 654. ನಿವೃತ್ತರಾದವರು ಇವೆರಡರಲ್ಲೂ ಸೇರಿಲ್ಲ. ಸಮವಸ್ತ್ರ ಕಳಚಿದ ಮೇಲೆ ಊರಿಗೆ ಬಂದು ಸತ್ತವನು ಪೊಲೀಸ್ ಠಾಣೆಯ ದಾಖಲೆಯಲ್ಲಿ ಒಬ್ಬ ರೈತ, ಒಬ್ಬ ಸೆಕ್ಯುರಿಟಿ ಗಾರ್ಡ್, ಒಬ್ಬ ನಿರುದ್ಯೋಗಿ. ಅವನು ಸೈನಿಕನಾಗಿದ್ದ ಎಂಬುದು ಎಲ್ಲಿಯೂ ನಮೂದಾಗದು. ಎಣಿಸುವ ಮನಸ್ಸು ಮಾಡಿದ ದೇಶಗಳಲ್ಲಿ ಏನು ಕಂಡಿತು? ಆಸ್ಟ್ರೇಲಿಯಾ ಸರ್ಕಾರ 2021ರಲ್ಲಿ ಇದಕ್ಕೆಂದೇ ರಾಯಲ್ ಕಮಿಷನ್ ನೇಮಿಸಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಅದರ ಅಂತಿಮ ವರದಿಯ ಪ್ರಕಾರ, 1997ರಿಂದ 2021ರವರೆಗೆ ಕನಿಷ್ಠ 1,677 ಹಾಲಿ ಮತ್ತು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡಿದ್ದರು. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಕಾರ್ಯಾಚರಣೆಗಳಲ್ಲಿ ಮಡಿದವರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಅಮೆರಿಕದಲ್ಲಿ 2022ರ ಒಂದೇ ವರ್ಷ 6,407 ಮಾಜಿ ಸೈನಿಕರು ಹೀಗೆ ಹೋದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೆ ಮುಂಚಿನ ದಿನಗಳಲ್ಲಿ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಜಗತ್ತಿನಲ್ಲೇ ದೊಡ್ಡದಾದ ಸೈನಿಕ ವೈದ್ಯಕೀಯ ವ್ಯವಸ್ಥೆ ಇರುವ ದೇಶದ ಮಾತಿದು.

ಸೈನಿಕರು ಪರಸ್ಪರ ಕೂತು ಮಾತಾಡಿಕೊಳ್ಳುವುದರಿಂದ ಉಪಯೋಗವಿದೆ ಎಂಬುದನ್ನು ವೈದ್ಯರಿಗಿಂತ ಮೊದಲು ಕಂಡುಕೊಂಡವರು ಸೈನಿಕರೇ. 1970ರಲ್ಲಿ ವಿಯೆಟ್ನಾಂನಿಂದ ಮರಳಿದ್ದ ಕೆಲವು ಯುವಕರು ನ್ಯೂಯಾರ್ಕಿನಲ್ಲಿ ವಾರಕ್ಕೊಮ್ಮೆ ಸೇರಿ ತಮ್ಮ ತಮ್ಮಲ್ಲೇ ಹೇಳಿಕೊಳ್ಳತೊಡಗಿದರು. ಮನೋವೈದ್ಯರಾದ ರಾಬರ್ಟ್ ಜೇ ಲಿಫ್ಟನ್ ಮತ್ತು ಚೈಮ್ ಶಾಟನ್ ಅಲ್ಲಿಗೆ ಹೋದದ್ದು ಆ ಯುವಕರ ಕರೆಯ ಮೇಲೆ, ಅವರ ಷರತ್ತಿನ ಮೇಲೆ. ಇಂದು ಎಲ್ಲರೂ ಪಿಟಿಎಸ್‌ಡಿ ಎನ್ನುವ ಆಘಾತೋತ್ತರ ಒತ್ತಡದ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ. ಆ ಗುಂಪುಗಳಲ್ಲಿ ಕೇಳಿಬಂದ ಮಾತುಗಳೇ ಅದಕ್ಕೆ ಬಹುಮಟ್ಟಿಗೆ ಆಧಾರ. ಅದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ಅಮೆರಿಕದ ಸಂಸತ್ತು ‘ವೆಟ್ ಸೆಂಟರ್’ಗಳನ್ನು ಮಂಜೂರು ಮಾಡಿತು. ಆಸ್ಪತ್ರೆಯಿಂದ ದೂರ, ಸಾಮಾನ್ಯ ಬಡಾವಣೆಗಳಲ್ಲಿ ಬಾಡಿಗೆ ಮಳಿಗೆಗಳನ್ನು ಹಿಡಿದು ತೆರೆದ ಕೇಂದ್ರಗಳವು. ಒಳಗೆ ಮಾತಿಗೆ ಸಿಗುವವರಲ್ಲಿ ಅನೇಕರು ಸ್ವತಃ ಯುದ್ಧ ಕಂಡವರು. ಅಲ್ಲಿನ ದಾಖಲೆಗಳು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಸೇನೆಗಾಗಲಿ ಆಸ್ಪತ್ರೆಗಾಗಲಿ ಹೋಗುವುದಿಲ್ಲ. ಕೆನಡಾದಲ್ಲಿ ಇಂಥದೇ ಕೆಲಸಕ್ಕೆ 2001ರಲ್ಲಿ ನಾಂದಿ ಹಾಡಿದವರು ರುವಾಂಡಾದ ನರಮೇಧದ ಆಸುಪಾಸಿನಲ್ಲಿ ಅಲ್ಲಿದ್ದು, ಖಿನ್ನರಾಗಿ ಮರಳಿದ ಸೇನಾಧಿಕಾರಿ ಸ್ಟೆಫಾನ್ ಗ್ರೆನಿಯೆ. ಅವರ ಒತ್ತಾಯದಿಂದ ರಕ್ಷಣಾ ಇಲಾಖೆಯೂ ಮಾಜಿ ಸೈನಿಕರ ಇಲಾಖೆಯೂ ಕೂಡಿ, ಮನಸ್ಸಿನ ಗಾಯದಿಂದ ಚೇತರಿಸಿಕೊಂಡ ಸೈನಿಕರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಉಳಿದವರ ನೆರವಿಗೆ ನೇಮಿಸಿದವು.

ಈ ಹಳೆಯ ರೂಢಿ ಅಂತರ್ಜಾಲಕ್ಕೆ ದಾಟಿದ್ದು ಯಾವುದೇ ಇಲಾಖೆಯ ಯೋಜನೆಯಿಂದಲ್ಲ. ಅಮೆರಿಕದ ಮರೀನ್ ಪಡೆಯ ಏಳನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ 2008ರಲ್ಲಿ ಅಫ್ಗಾನಿಸ್ತಾನಕ್ಕೆ ಹೋಯಿತು. ಸುಮಾರು 1,200 ಮಂದಿ. ಹೆಲ್ಮಂಡ್ ಪ್ರಾಂತ್ಯದಲ್ಲಿ ಅವರು ಕಂಡ ಕಾಳಗ ಘೋರವಾದದ್ದು. ತಿರುಗಿ ಬಂದ ಮೇಲೆ ಬಹಳಷ್ಟು ಜನ ಸೇನೆ ಬಿಟ್ಟು ದೇಶದ ಮೂಲೆಮೂಲೆಗೆ ಚದುರಿದರು. ಆಮೇಲೆ ಒಬ್ಬೊಬ್ಬರೇ ಪ್ರಾಣ ಕಳೆದುಕೊಳ್ಳತೊಡಗಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2015ರಲ್ಲಿ ಇವರ ಬಗ್ಗೆ ದೀರ್ಘ ವರದಿ ಮಾಡುವ ಹೊತ್ತಿಗೆ ಕನಿಷ್ಠ 13 ಮಂದಿ ಹೋಗಿದ್ದರು. ಅದೇ ವಯಸ್ಸಿನ ಇತರ ಮಾಜಿ ಸೈನಿಕರಿಗೆ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು. ಆಸ್ಪತ್ರೆಗಳಿಂದ ತಮಗೆ ಬೇಕಾದ್ದು ಸಿಗುತ್ತಿಲ್ಲ ಎನಿಸಿದಾಗ ಉಳಿದವರು ತಾವೇ ಕಾವಲು ನಿಂತರು. ಯಾರು ಯಾವ ಊರಲ್ಲಿದ್ದಾರೆ, ಫೋನ್ ನಂಬರ್ ಏನು ಎಂಬ ಪಟ್ಟಿ ಮಾಡಿಕೊಂಡರು. ಫೇಸ್‌ಬುಕ್‌ನಲ್ಲಿ ಯಾರಾದರೂ ವಿದಾಯದ ಧಾಟಿಯಲ್ಲಿ ಬರೆದರೆ, ಎಲ್ಲೋ ಇದ್ದವನು ಅದನ್ನು ಕಂಡು ಉಳಿದವರನ್ನು ಎಬ್ಬಿಸುತ್ತಿದ್ದ, ಪಟ್ಟಿ ನೋಡಿ ಹತ್ತಿರದ ಊರಿನವನು ಯಾರೆಂದು ಹುಡುಕುತ್ತಿದ್ದರು, ಅವನು ಮಧ್ಯರಾತ್ರಿಯಲ್ಲಿ ಕಾರು ಹತ್ತಿ ಹೋಗಿ ಬಾಗಿಲು ಬಡಿಯುತ್ತಿದ್ದ. ನೂರಾರು ಮೈಲಿ ದೂರದವರು ಅಷ್ಟರವರೆಗೆ ಫೋನಿನಲ್ಲಿ ಮಾತು ಕಡಿಯದಂತೆ ನೋಡಿಕೊಳ್ಳುತ್ತಿದ್ದರು. ಹೀಗೆ ಉಳಿದ ಜೀವಗಳಿವೆ. ವೈದ್ಯಕೀಯ ವ್ಯವಸ್ಥೆಗೆ ಗೊತ್ತೇ ಆಗದಿದ್ದ ಅಪಾಯ ಜೊತೆಗಾರರಿಗೆ ಗೊತ್ತಾಗಿತ್ತು; ಯಾಕೆಂದರೆ ನೊಂದವನು ತನ್ನ ನೋವನ್ನು ಬರೆದದ್ದು ಅವರ ಕಣ್ಣಿಗೆ ಬೀಳುವಲ್ಲಿ.

ಆದರೆ ಇದೇ ಉದಾಹರಣೆಯಲ್ಲಿ ಈ ದಾರಿಯ ಅಪಾಯಗಳೂ ಇವೆ. ಕಾವಲು ನಿಂತವರೂ ಗಾಯಗೊಂಡವರೇ. ಒಬ್ಬನನ್ನು ಉಳಿಸಿಕೊಂಡ ಖುಷಿ ಎಷ್ಟೋ, ಇನ್ನೊಬ್ಬನನ್ನು ಉಳಿಸಿಕೊಳ್ಳಲಾಗದ ಪಾಪಪ್ರಜ್ಞೆ ಅದರ ಹತ್ತರಷ್ಟು. ಒಂದು ಸಾವಿನ ಸುದ್ದಿ ಗುಂಪಿನಲ್ಲಿ ಹರಡಿದಾಗ ಅದು ಇನ್ನೊಬ್ಬನ ಮನಸ್ಸಿನಲ್ಲಿ ಅದೇ ಯೋಚನೆಯನ್ನು ಹುಟ್ಟಿಸಬಹುದೆಂಬುದು ಆತ್ಮಹತ್ಯೆಯ ಅಧ್ಯಯನ ಮಾಡಿದವರೆಲ್ಲ ಒಪ್ಪುವ ಮಾತು. ರಾತ್ರಿ ಎರಡಕ್ಕೆ ಫೋನೆತ್ತುವವನಿಗೆ ಏನು ಕೇಳಬೇಕು, ಏನು ಹೇಳಬಾರದು, ಯಾವಾಗ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಹೇಳಿಕೊಟ್ಟವರಿಲ್ಲ. ಅವನಿಗೇ ದಣಿವಾದರೆ ಕೇಳುವವರಿಲ್ಲ. ಸ್ನೇಹವೊಂದನ್ನೇ ನಂಬಿ ಇಂಥ ಭಾರವನ್ನು ಬಹುಕಾಲ ಹೊರಲಾಗದು. ಜೊತೆಗಾರರ ಬೆಂಬಲವನ್ನು ಟೀಕಿಸುವವರು ಬೆರಳು ತೋರಿಸುವುದು ಇಲ್ಲಿಗೇ, ಮತ್ತು ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಅದರಿಂದ ಹೊರಡುವ ತೀರ್ಮಾನ ‘ಗುಂಪು ಬೇಡ’ ಎಂದಲ್ಲ. ಗುಂಪುಗಳು ಹೇಗೂ ಇವೆ, ವಾಟ್ಸ್‌ಆ್ಯಪ್ ಇರುವವರೆಗೂ ಇರುತ್ತವೆ. ಅವುಗಳ ಬೆನ್ನಿಗೆ ತರಬೇತಿ, ಮೇಲ್ವಿಚಾರಣೆ, ವೈದ್ಯರ ಆಸರೆ ಇರಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ.

ಆ ಆಸರೆ ಹೇಗಿರಬಹುದೆಂಬುದಕ್ಕೆ ಬ್ರಿಟನ್ನಿನಲ್ಲೊಂದು ಮಾದರಿ ಇದೆ. 2007ರಲ್ಲಿ ‘ಬಿಗ್ ವೈಟ್ ವಾಲ್’ ಎಂಬ ಹೆಸರಿನಲ್ಲಿ ಶುರುವಾಗಿ, 2020ರಲ್ಲಿ ‘ಟುಗೆದರ್‌ಆಲ್’ ಎಂದಾದ ಸೇವೆ ಅದು. ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಮನೆಯವರಿಗೆ ಅದನ್ನು ಉಚಿತವಾಗಿ ಒದಗಿಸಲಾಯಿತು. ಒಳಗೆ ಹೋದವನಿಗೆ ನಿಜವಾದ ಹೆಸರು ಬೇಕಿಲ್ಲ, ಹುದ್ದೆ ಬೇಕಿಲ್ಲ; ಕರ್ನಲ್ ಮತ್ತು ಸಿಪಾಯಿ ಅಕ್ಕಪಕ್ಕ ಬರೆಯುತ್ತಿದ್ದರೂ ಪರಸ್ಪರ ಗೊತ್ತಾಗುವುದಿಲ್ಲ. ಮಾತು ಬಾರದವರು ಚಿತ್ರ, ಬಣ್ಣ, ನಾಲ್ಕು ಪದ ಸೇರಿಸಿ ಒಂದು ಚೌಕ ಮಾಡಿ ಗೋಡೆಗೆ ಹಚ್ಚಬಹುದು. ಅದಕ್ಕೆ ‘ಇಟ್ಟಿಗೆ’ ಎನ್ನುತ್ತಾರೆ. ಅದನ್ನು ಕಂಡವರು ಅದರ ಕೆಳಗೆ ತಮ್ಮ ಮಾತು ಬರೆಯುತ್ತಾರೆ. ಗಮನಿಸಬೇಕಾದ್ದು ತೆರೆಯ ಹಿಂದಿನ ವ್ಯವಸ್ಥೆ. ಇಪ್ಪತ್ನಾಲ್ಕು ಗಂಟೆಯೂ ತರಬೇತಾದ ಮಾನಸಿಕ ಆರೋಗ್ಯ ಸಿಬ್ಬಂದಿ ಅಲ್ಲಿ ನಡೆಯುವ ಮಾತುಕತೆಯನ್ನು ಓದುತ್ತಿರುತ್ತಾರೆ. ಒಬ್ಬನ ಬರಹದಲ್ಲಿ ಪ್ರಾಣಾಪಾಯದ ಸುಳಿವು ಕಂಡರೆ ಅವರೇ ಮುಂದೆ ಬಂದು ಮಾತಾಡುತ್ತಾರೆ, ಬೇಕಾದರೆ ತುರ್ತು ಸೇವೆಗೆ ದಾಟಿಸುತ್ತಾರೆ. ಜೊತೆಗಾರನ ಸಲುಗೆಯೂ ವೈದ್ಯರ ಎಚ್ಚರವೂ ಒಂದೇ ಕಡೆ ಕೂಡುವುದು ಹೀಗೆ. ಕಾವಲು ಯಾರದು, ಅಪಾಯ ಕಂಡಾಗ ಯಾರು ಏನು ಮಾಡಬೇಕು ಎಂಬುದು ಮೊದಲೇ ನಿಗದಿಯಾಗಿರುವುದರಿಂದ ಭಾರವೆಲ್ಲ ನೊಂದ ಗೆಳೆಯನ ಹೆಗಲಿಗೇ ಬೀಳುವುದಿಲ್ಲ.

ದೂರದಿಂದ ಬಂದ ನಾಲ್ಕು ಸಾಲಿಗೆ ಅಷ್ಟು ಶಕ್ತಿ ಇರುತ್ತದೆಯೇ ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಡುವ ಪ್ರಯೋಗ ಅಂತರ್ಜಾಲಕ್ಕಿಂತ ಹಳೆಯದು. ಸ್ಯಾನ್‌ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮಾಟೊ 1969ರಿಂದ, ಆಸ್ಪತ್ರೆಯಿಂದ ಮನೆಗೆ ಹೋಗಿ ಮುಂದಿನ ಚಿಕಿತ್ಸೆ ಬೇಡವೆಂದ 843 ಮಂದಿಯನ್ನು ಎರಡು ಭಾಗ ಮಾಡಿ, ಒಂದು ಭಾಗದವರಿಗೆ ಆಗಾಗ ಚಿಕ್ಕ ಕಾಗದ ಬರೆಸಿದರು. ಉಪದೇಶವಿಲ್ಲ, ಪ್ರಶ್ನೆಯಿಲ್ಲ, ಕ್ಷೇಮವೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎನ್ನುವಷ್ಟೇ ಧಾಟಿ. ಮೊದಲ ಎರಡು ವರ್ಷಗಳಲ್ಲಿ ಕಾಗದ ಬಂದವರಲ್ಲಿ ಆತ್ಮಹತ್ಯೆ ಕಡಿಮೆಯಿತ್ತು. ಇದನ್ನೇ ಮೊಬೈಲ್ ಸಂದೇಶದ ಮೂಲಕ ಅಮೆರಿಕದ 658 ಹಾಲಿ ಸೈನಿಕರ ಮೇಲೆ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವರ್ಷವಿಡೀ ಕಳಿಸಿದ್ದು 11 ಸಂದೇಶ ಮಾತ್ರ. ಸಂಶೋಧಕರು ಮುಖ್ಯವಾಗಿ ಅಳೆಯಹೊರಟ ಎರಡು ಅಂಶಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಒಂದು ವರ್ಷದಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ಸಂದೇಶ ಪಡೆಯದ ಗುಂಪಿನಲ್ಲಿ ಶೇ 15, ಪಡೆದ ಗುಂಪಿನಲ್ಲಿ ಶೇ 9. ಪವಾಡ ಎನ್ನುವಂಥ ಫಲವಲ್ಲ, ತಳ್ಳಿಹಾಕುವಂಥದೂ ಅಲ್ಲ. ಕಾಯಿಲೆ ಅನುಭವಿಸಿ ಗುಣವಾದವರನ್ನೇ ಮಾನಸಿಕ ಆರೋಗ್ಯ ಸೇವೆಗಳಲ್ಲಿ ನೇಮಿಸಿಕೊಂಡ 11 ಪ್ರಯೋಗಗಳನ್ನು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಪರಿಶೀಲಿಸಿ, ಅವರಿಂದ ದೊರೆತ ಫಲ ವೃತ್ತಿಪರರಿಂದ ದೊರೆತದ್ದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂದಿತು. ನನಗೆ ಇದು ಸಮಾಧಾನ ಕೊಡುವ ಫಲಿತಾಂಶ. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ‘ಕಡಿಮೆಯಲ್ಲ’ ಎಂಬುದೇ ದೊಡ್ಡ ಮಾತು.

ಎದುರಾಗುವ ಆಕ್ಷೇಪಗಳಲ್ಲಿ ಬಲವಾದದ್ದು ವೈದ್ಯಶಾಸ್ತ್ರದಿಂದಲೇ ಬರುತ್ತದೆ. ಆಘಾತವಾದ ತಕ್ಷಣ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂದು 1980-90ರ ದಶಕಗಳಲ್ಲಿ ಸೈನ್ಯ, ಪೊಲೀಸ್, ಅಗ್ನಿಶಾಮಕ ದಳಗಳು ನಂಬಿದ್ದವು. 2002ರ ಕಾಕ್ರೇನ್ ಪರಿಶೀಲನೆ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಅಂಥ ಒಂದೇ ಬಾರಿಯ ಕೂಟದಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಕಂಡುಬಂತು. ಹಾಗಾದರೆ ಸೈನಿಕರ ಗುಂಪಿನ ಮಾತುಕತೆ ಮಾತ್ರ ಒಳ್ಳೆಯದು ಹೇಗೆ? ಆ ಕೂಟಗಳಿಗೆ ಹೋಗುವುದು ಹಲವೆಡೆ ಕಡ್ಡಾಯವಾಗಿತ್ತು, ಒಮ್ಮೆಗೇ ಮುಗಿಯುತ್ತಿತ್ತು, ಹೊತ್ತನ್ನು ಬೇರೆಯವರು ಗೊತ್ತುಮಾಡುತ್ತಿದ್ದರು. ಜೊತೆಗಾರರ ಬಳಗದಲ್ಲಿ ಬಾಯಿ ಬಿಡುವ ಹೊತ್ತನ್ನು ನೊಂದವನೇ ಆರಿಸಿಕೊಳ್ಳುತ್ತಾನೆ. ತಿಂಗಳುಗಟ್ಟಲೆ ಸುಮ್ಮನೆ ಓದುತ್ತಾ ಇದ್ದು ಒಂದು ದಿನ ಒಂದು ಸಾಲು ಬರೆಯಬಹುದು. ಕಾಳಗದ ವಿವರ ಕೆದಕುವುದು ಅಲ್ಲಿನ ಕೆಲಸವಲ್ಲ, ಕೆದಕಬಾರದೆಂಬುದೇ ತರಬೇತಿಯ ಮೊದಲ ಪಾಠವಾಗಬೇಕು. ನಿದ್ದೆ ಬರುತ್ತಿದೆಯೇ, ಕುಡಿತ ಎಷ್ಟಾಗಿದೆ, ಮನೆಯಲ್ಲಿ ಯಾರಿದ್ದಾರೆ, ನಾಳೆ ಡಾಕ್ಟರ ಹತ್ತಿರ ನಾನೂ ಜೊತೆಗೆ ಬರಲೇ ಎಂದು ಕೇಳುವುದು ಜೊತೆಗಾರನ ಕೆಲಸ. ಚಿಕಿತ್ಸೆ ವೈದ್ಯರದು. ಆ ಗೆರೆ ಅಳಿಸಿದರೆ ಆಕ್ಷೇಪ ನಿಜವಾಗುತ್ತದೆ.

‘ನಮ್ಮ ರೆಜಿಮೆಂಟೇ ಒಂದು ಕುಟುಂಬ, ಹೊರಗಿನ ಬಳಗ ಯಾಕೆ ಬೇಕು?’ ಎಂಬುದು ಸೇನೆಯ ಹಿರಿಯರು ಹೇಳುವ ಮಾತು. ಅದರಲ್ಲಿ ಹುಸಿ ಇಲ್ಲ. ಪ್ರತಿ ಜವಾನನಿಗೂ ಒಬ್ಬ ಜೋಡಿ ಇರುತ್ತಾನೆ. ಪಹರೆಯಲ್ಲಿ, ಗಸ್ತಿನಲ್ಲಿ, ಊಟದಲ್ಲಿ ಇಬ್ಬರೂ ಒಟ್ಟಿಗೆ. ಸೈನಿಕ ಸಮ್ಮೇಳನ ನಡೆಯುತ್ತದೆ, ಧರ್ಮಗುರುಗಳಿಗೂ ಜೆಸಿಒಗಳಿಗೂ ಆಪ್ತಸಮಾಲೋಚನೆಯ ತರಬೇತಿ ಕೊಟ್ಟಿದ್ದಾರೆ, ಉತ್ತರ ಮತ್ತು ಪೂರ್ವ ಕಮಾಂಡುಗಳಲ್ಲಿ ‘ಮಿಲಾಪ್’, ‘ಸಹಯೋಗ್’ ಎಂಬ ಯೋಜನೆಗಳಿವೆ. ಇವೆಲ್ಲ ಬೆಲೆಯುಳ್ಳ ಕೆಲಸಗಳೇ. ಆದರೆ ಕೇಳುವವನು ಅದೇ ಸರಪಳಿಯ ಕೊಂಡಿಯಾಗಿದ್ದರೆ ಹೇಳುವವನು ಅಳೆದು ತೂಗಿ ಹೇಳುತ್ತಾನೆ. ನೋವಿಗೆ ಮೇಲಿನವನೇ ಕಾರಣವಾಗಿದ್ದರಂತೂ ಹೇಳುವುದೇ ಇಲ್ಲ. ಪಿಂಚಣಿ ಹಿಡಿದು ಊರಿಗೆ ಬಂದ ದಿನವೇ ಈ ಕುಟುಂಬ ಕೈಬಿಟ್ಟುಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ನಮ್ಮ ಸಿಪಾಯಿಗಳಲ್ಲಿ ಹೆಚ್ಚಿನವರು ನಿವೃತ್ತರಾಗುವುದು ನಲವತ್ತರ ಆಚೀಚೆ. ಕೊಡಗಿನ ತೋಟದ ಮನೆಗೆ, ಬೆಳಗಾವಿ, ಬಾಗಲಕೋಟೆ, ಹಾಸನದ ಹಳ್ಳಿಗಳಿಗೆ ಮರಳಿದವನನ್ನು ಊರು ಹಾರ ಹಾಕಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಬರಮಾಡಿಕೊಳ್ಳುತ್ತದೆ. ಹಾರ ಒಣಗಿದ ಮೇಲೆ ಅವನ ಜೊತೆ ಹಿಂದಿಯಲ್ಲಿ ಬೈದು ನಗುತ್ತಿದ್ದ ಜೋಡಿ ಗಢವಾಲಿನಲ್ಲಿ, ಮೇಜರ್ ಸಾಹೇಬರು ಪುಣೆಯಲ್ಲಿ. ಊರಿನವರಿಗೆ ಅವನು ಹೆಮ್ಮೆಯ ಮಿಲಿಟರಿಯವನು. ಆ ಹೆಮ್ಮೆಯ ಎದುರು ‘ನನಗೆ ಹೆದರಿಕೆಯಾಗುತ್ತದೆ’ ಎನ್ನುವುದು ಸುಲಭವಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಜಿಲ್ಲಾ ಕೇಂದ್ರದಲ್ಲಿದ್ದರೆ ಅದೇ ಪುಣ್ಯ. ನಾಲ್ಕು ವರ್ಷಕ್ಕಷ್ಟೇ ಸೇನೆಗೆ ಸೇರುವ ಅಗ್ನಿವೀರರ ಸ್ಥಿತಿ ಇನ್ನೂ ಬೇರೆ. 2022ರ ಯೋಜನೆಯ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಕಾಯಂ ಆಗುವವರು ಹೆಚ್ಚೆಂದರೆ ನಾಲ್ಕರಲ್ಲೊಬ್ಬರು. ಉಳಿದವರಿಗೆ ಪಿಂಚಣಿಯೂ ಇಲ್ಲ, ಇಸಿಎಚ್‌ಎಸ್ ಸೌಲಭ್ಯವೂ ಇಲ್ಲ, ಮಾಜಿ ಸೈನಿಕ ಎಂಬ ಮಾನ್ಯತೆಯೂ ಇಲ್ಲ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು ಸೈನ್ಯದ ಅಭ್ಯಾಸಗಳನ್ನೆಲ್ಲ ಹೊತ್ತು, ಸೈನ್ಯದ ಆಸರೆ ಒಂದೂ ಇಲ್ಲದೆ ಮನೆಗೆ ಬರುತ್ತಾರೆ. ಅವರ ಕೈಯಲ್ಲಿರುವುದು ಮೊಬೈಲು.

ಭಾರತದ ಸೈನಿಕನ ಸಂಕಟ ಯುದ್ಧದ ಆಘಾತದ್ದಲ್ಲ, ಮನೆಯದು. ಆದ್ದರಿಂದ ಪಶ್ಚಿಮದ ಮಾದರಿ ನಮಗೆ ಹೊಂದದು ಎನ್ನುವವರೂ ಇದ್ದಾರೆ. ಆತ್ಮಹತ್ಯೆಯ ಕಾರಣ ಕೇಳಿದಾಗ ರಕ್ಷಣಾ ಸಚಿವಾಲಯ ಸಂಸತ್ತಿಗೆ ಹೇಳುತ್ತ ಬಂದದ್ದೂ ಅದನ್ನೇ: ಕೌಟುಂಬಿಕ ಸಮಸ್ಯೆ, ದಾಂಪತ್ಯದ ವಿರಸ, ಹಣದ ತೊಂದರೆ, ಒತ್ತಡ. ಇದು ನಿಜವೆಂದೇ ಒಪ್ಪೋಣ. ಕುಪ್ವಾರದ ಪೋಸ್ಟಿನಲ್ಲಿರುವವನಿಗೆ ಸಂಜೆ ಸಿಗ್ನಲ್ ಸಿಕ್ಕಾಗ ಮನೆಯಿಂದ ಸುದ್ದಿ ಬರುತ್ತದೆ: ದಾಯಾದಿ ಹೊಲದ ಬದು ಒತ್ತಿದ್ದಾನೆ, ಬಾಂದಿನ ಕಲ್ಲು ಕಿತ್ತುಹಾಕಿದ್ದಾನೆ, ಸರ್ವೆಗೆ ಅರ್ಜಿ ಕೊಟ್ಟು ಆರು ತಿಂಗಳಾದರೂ ಭೂಮಾಪಕರು ಬಂದಿಲ್ಲ, ಅಪ್ಪ ತಹಶೀಲ್ದಾರ್ ಕಚೇರಿಗೆ ಅಲೆದು ಸೋತಿದ್ದಾರೆ. ರಜೆ ಇಲ್ಲ. ಫೋನ್ ಕಟ್ಟಾಗುತ್ತದೆ. ಆ ರಾತ್ರಿ ಅವನ ಪಹರೆ ಇರುತ್ತದೆ. ಇಂಥವನಿಗೆ ಮನಶ್ಶಾಸ್ತ್ರಜ್ಞರು ಉಸಿರಾಟದ ಅಭ್ಯಾಸ ಹೇಳಿಕೊಡಬಲ್ಲರು. ಆದರೆ ಕಮಾಂಡಿಂಗ್ ಆಫೀಸರರಿಂದ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು, ಗಡಿಯಂಥ ಕಡೆ ಇರುವ ಸೈನಿಕನ ಮೇಲಿನ ಸಿವಿಲ್ ಮತ್ತು ಕಂದಾಯ ದಾವೆಯನ್ನು ತಡೆಹಿಡಿಯಲು 1925ರ ಕಾಯ್ದೆಯೊಂದಿದೆ, ಜಿಲ್ಲಾ ಸೈನಿಕ ಮಂಡಳಿಯಲ್ಲಿ ಯಾರನ್ನು ಕೇಳಬೇಕು, ಕಾನೂನು ಸೇವಾ ಪ್ರಾಧಿಕಾರ 2025ರಲ್ಲಿ ಆರಂಭಿಸಿದ ‘ವೀರ ಪರಿವಾರ’ ನೆರವನ್ನು ಹೇಗೆ ಪಡೆಯಬೇಕು ಎಂಬುದನ್ನೆಲ್ಲ ಬಲ್ಲವನು ಅದೇ ಸಂಕಟ ದಾಟಿ ಬಂದ, ಅದೇ ತಾಲ್ಲೂಕಿನ ಮಾಜಿ ಸುಬೇದಾರ. ‘ನನಗೂ ಹೀಗೇ ಆಗಿತ್ತು ತಮ್ಮಾ, ಮೊದಲು ಈ ಕಾಗದ ಹಾಕು, ಉಳಿದದ್ದು ನಾನು ನೋಡ್ತೀನಿ’ ಎಂದು ಅವನು ಹೇಳುವ ಒಂದು ಮಾತಿನಲ್ಲಿ ಆಪ್ತಸಮಾಲೋಚನೆಯೂ ಇದೆ, ಪರಿಹಾರವೂ ಇದೆ. ನಮ್ಮ ಸೈನಿಕನ ಸಂಕಟ ಮನೆಯದಾಗಿದ್ದರೆ ಜೊತೆಗಾರರ ಬಳಗ ಪಶ್ಚಿಮಕ್ಕಿಂತ ನಮಗೇ ಹೆಚ್ಚು ಬೇಕು. ಗಂಡ ದೂರದಲ್ಲಿದ್ದು ಮನೆ, ಹೊಲ, ಅತ್ತೆ ಮಾವ, ಮಕ್ಕಳ ಶಾಲೆ ಎಲ್ಲವನ್ನೂ ಒಬ್ಬಳೇ ನೋಡುವ ಹೆಂಡತಿಗೂ ಅಂಥದೇ ಬಳಗ ಬೇಕು. ಅವಳ ನೆಮ್ಮದಿಗೂ ಅವನ ನಿದ್ದೆಗೂ ನೇರ ಸಂಬಂಧವಿದೆ.

ಭದ್ರತೆಯ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ವ್ಯಾಯಾಮದ ಆ್ಯಪ್ ಆದ ಸ್ಟ್ರಾವಾದ ನಕ್ಷೆಯಿಂದ ಗುಪ್ತ ಸೇನಾ ನೆಲೆಗಳ ಸುಳಿವು ಹೊರಬಿದ್ದದ್ದು 2018ರಲ್ಲಿ. ನಮ್ಮ ಸೇನೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವಂತೆ ಸಿಬ್ಬಂದಿಗೆ ಆದೇಶಿಸಿತು. ಮನಸ್ಸು ಮುರಿದ ಸೈನಿಕನ ಮಾತು ಶತ್ರುದೇಶದ ಗೂಢಚಾರರಿಗೆ ಮೇವು ಎಂಬುದೂ ಸುಳ್ಳಲ್ಲ. ಸ್ನೇಹದ ಸೋಗಿನಲ್ಲಿ ಬಲೆಗೆ ಬಿದ್ದ ಪ್ರಕರಣಗಳನ್ನು ಓದುತ್ತಲೇ ಇರುತ್ತೇವೆ. ಆದರೆ ಒಂಟಿತನದಿಂದ ಬೇಯುವವನೇ ಅಪರಿಚಿತ ಸಿಹಿಮಾತಿಗೆ ಬೇಗ ಸೋಲುತ್ತಾನೆ ಎಂಬುದನ್ನೂ ಇದರ ಜೊತೆಗೇ ಯೋಚಿಸಬೇಕು. ನಂಬಬಹುದಾದ ಒಂದು ಜಾಗವನ್ನು ನಾವೇ ಕೊಡದಿದ್ದರೆ ಅವನು ನಂಬಬಾರದ ಜಾಗಕ್ಕೆ ಹೋಗುತ್ತಾನೆ. ಸುರಕ್ಷಿತ ಸಂದೇಶಕ್ಕಾಗಿ ಸೇನೆ ತನ್ನದೇ ‘ಸಾಯಿ’ ಆ್ಯಪ್ ಮಾಡಿಕೊಂಡಿತು. ಮಾಡುವ ತಂತ್ರಜ್ಞಾನ ನಮ್ಮಲ್ಲಿದೆ. ಹೆಸರು, ಪಲ್ಟನ್, ಸ್ಥಳ ಯಾವುದನ್ನೂ ಕೇಳದ, ಬರೆದರೂ ಅಳಿಸಿಹಾಕುವ, ದೇಶದೊಳಗಿನ ಸರ್ವರಿನಲ್ಲಿರುವ ಒಂದು ವೇದಿಕೆ ಅಸಾಧ್ಯವೇನಲ್ಲ. ಅಸಲಿ ಕಷ್ಟ ಬೇರೆ ಕಡೆ ಇದೆ: ಆ ವೇದಿಕೆಯ ಕೀಲಿಕೈ ಯಾರ ಹತ್ತಿರ? ಸೇನೆಯ ಹತ್ತಿರವಿದ್ದರೆ ಸೈನಿಕ ಬಾಯಿ ಬಿಡುವುದಿಲ್ಲ. ‘ಎಸ್’ ಅಂಕಿಯ ಭಯ ಅಲ್ಲಿಗೂ ಹಿಂಬಾಲಿಸುತ್ತದೆ. ಖಾಸಗಿ ಕಂಪನಿಯ ಹತ್ತಿರವಿದ್ದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಪ್ರಕರಣ ಸಾಕ್ಷಿ. ಲಾಭರಹಿತ ಸಹಾಯವಾಣಿಯಾಗಿದ್ದ ಅದು, ನೊಂದವರ ಸಂದೇಶಗಳನ್ನು ಹೆಸರು ತೆಗೆದು ತನ್ನದೇ ನಂಟಿನ ವಾಣಿಜ್ಯ ಕಂಪನಿಗೆ ಕೊಡುತ್ತಿತ್ತೆಂದು 2022ರ ಜನವರಿಯಲ್ಲಿ ಬಯಲಾಯಿತು. ಜನ ಸಿಟ್ಟಿಗೆದ್ದ ಮೇಲೆ ನಿಲ್ಲಿಸಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ಜೊತೆಗಾರನ ಬಳಿ ಆಡಿದ ಮಾತಿಗೂ ಅದೇ ರಕ್ಷಣೆ ಇದೆಯೆಂದು ಬರಹದಲ್ಲಿ ಬರಬೇಕು. ಪ್ರಾಣಾಪಾಯವಿದ್ದಾಗ ಮಾತ್ರ ಗುಟ್ಟು ಮುರಿಯಬಹುದು, ಅದೂ ಯಾರಿಗೆ, ಹೇಗೆ ಎಂಬುದು ಒಳಬರುವ ಮುನ್ನವೇ ಪ್ರತಿಯೊಬ್ಬನಿಗೂ ತಿಳಿದಿರಬೇಕು.

ಇದಕ್ಕೆ ಬೇಕಾದ ಅರ್ಧ ವ್ಯವಸ್ಥೆ ಈಗಾಗಲೇ ನಮ್ಮಲ್ಲಿದೆ. 2022ರ ಅಕ್ಟೋಬರ್ 10ರಂದು ಶುರುವಾದ ರಾಷ್ಟ್ರೀಯ ಸಹಾಯವಾಣಿ ‘ಟೆಲಿ ಮಾನಸ್’ಗೆ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್, ತಾಂತ್ರಿಕ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಸೈನಿಕರು ಮತ್ತು ಅವರ ಕುಟುಂಬದವರಿಗೆಂದೇ ಅದರ ವಿಶೇಷ ಘಟಕ 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು. ಹೆಜ್ಜೆ ಒಳ್ಳೆಯದು. ಆದರೆ ಕರೆ ಮಾಡುವಷ್ಟು ಧೈರ್ಯ ಬಂದವನಿಗೆ ಮಾತ್ರ ಅದು ಉಪಯೋಗ. ಉಳಿದರ್ಧವನ್ನು ರಾಜ್ಯಗಳು ಕಟ್ಟಬಹುದು, ಕರ್ನಾಟಕವೇ ಮೊದಲಾಗಬಹುದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬಳಿ ಜಿಲ್ಲಾವಾರು ಮಾಜಿ ಸೈನಿಕರ ಪಟ್ಟಿ ಇದೆ. ನಿಮ್ಹಾನ್ಸ್ ಬಳಿ ತರಬೇತಿಯ ಪರಿಣತಿ ಇದೆ. ಪ್ರತಿ ಜಿಲ್ಲೆಯಿಂದ ಕೆಲವರು ಮಾಜಿ ಸೈನಿಕರನ್ನು, ಸೈನಿಕರ ಮನೆಯ ಹೆಣ್ಣುಮಕ್ಕಳನ್ನು ಆಯ್ದು, ಕೇಳಿಸಿಕೊಳ್ಳುವುದನ್ನೂ ಅಪಾಯ ಗುರುತಿಸುವುದನ್ನೂ ಕಲಿಸಿ, ಗೌರವಧನ ಕೊಟ್ಟು, ಅವರ ಮನಸ್ಸಿನ ಯೋಗಕ್ಷೇಮವನ್ನೂ ತಿಂಗಳಿಗೊಮ್ಮೆ ವಿಚಾರಿಸುವ ವ್ಯವಸ್ಥೆ ಮಾಡಬೇಕು. ಅವರು ಕೂರುವ ವೇದಿಕೆ ಕನ್ನಡದಲ್ಲಿರಬೇಕು. ಇಪ್ಪತ್ತು ವರ್ಷ ಹಿಂದಿಯಲ್ಲಿ ಆಜ್ಞೆ ಕೇಳಿದವನಿಗೂ ಅಳು ಬರುವುದು ಅವ್ವನ ಮಾತಿನಲ್ಲೇ. ಅಪಾಯ ಕಂಡ ಕೂಡಲೇ ಒಂದು ಗುಂಡಿ ಒತ್ತಿದರೆ ಟೆಲಿ ಮಾನಸ್‌ನ ವೈದ್ಯರಿಗೆ ಕರೆ ದಾಟಬೇಕು. ನೋಡಿಕೊಳ್ಳುವ ಹೊಣೆ ಸೇನೆಯದಾಗದೆ ಆರೋಗ್ಯ ಇಲಾಖೆಯದಾಗಬೇಕು. ಸೇನೆ ತನ್ನ ಸಿಬ್ಬಂದಿಗೆ ಇದನ್ನು ಬಳಸಲು ಲಿಖಿತ ಅನುಮತಿ ಕೊಡಬೇಕು, ಬಳಸಿದವನ ದರ್ಜೆಗೆ ಅದು ತಟ್ಟುವುದಿಲ್ಲವೆಂದೂ ಬರೆದುಕೊಡಬೇಕು. ಇದಿಷ್ಟಕ್ಕೆ ಆಗುವ ಖರ್ಚು ಒಂದು ಸ್ಮಾರಕದ ಖರ್ಚಿಗಿಂತ ಹೆಚ್ಚಾಗಲಾರದು.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ರಾಜ್ಯದ ಮಾಜಿ ಸೈನಿಕರ ಸಂಘಗಳಿಗೂ, ಒಂದೇ ಬ್ಯಾಚಿನ, ಒಂದೇ ಪಲ್ಟನ್ನಿನ ವಾಟ್ಸ್‌ಆ್ಯಪ್ ಗುಂಪುಗಳನ್ನು ನಡೆಸುವವರಿಗೂ ನನ್ನದೊಂದು ವಿನಂತಿ. ಬೆಳಗಿನ ಶುಭೋದಯಕ್ಕೂ ಆಗಸ್ಟ್ 15ರ ಶುಭಾಶಯಕ್ಕೂ ಹಿಂದೆಲ್ಲ ಉತ್ತರಿಸುತ್ತಿದ್ದು, ಕೆಲವು ವಾರಗಳಿಂದ ಸದ್ದಿಲ್ಲದೆ ಹೋದ ಹೆಸರು ನಿಮ್ಮ ಗುಂಪಿನಲ್ಲಿ ಯಾವುದೆಂದು ನೋಡಿ. ಅವನಿಗೆ ಸಂದೇಶ ಕಳಿಸಬೇಡಿ, ಫೋನ್ ಮಾಡಿ. ಸಾಯುವ ಮಾತು ಬಂದರೆ ಗಾಬರಿಯಾಗಬೇಡಿ, ಬೈಯಬೇಡಿ, ಗುಂಪಿನಲ್ಲಿ ಹಾಕಬೇಡಿ. ಆ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಹಾಗೆ ಕೇಳುವುದರಿಂದ ಯೋಚನೆ ಹೆಚ್ಚುವುದಿಲ್ಲ. ಒಬ್ಬನೇ ಇದ್ದರೆ ಹತ್ತಿರದ ಜೊತೆಗಾರನನ್ನು ಅವನ ಮನೆಗೆ ಕಳಿಸಿ, ಫೋನ್ ಇಡಬೇಡಿ. ಆಮೇಲೆ ಇಬ್ಬರೂ ಸೇರಿ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಉಚಿತ. ಆ ಕಡೆಯವರು ಕನ್ನಡದಲ್ಲೂ ಮಾತಾಡುತ್ತಾರೆ.